ಜಂಕ್ಷನ್ನಿನಲ್ಲಿ ಇಳಿದು ಸೆಂಟ್ರಲ್‌ನಲ್ಲಿ ಹತ್ತುವವರಿಗೆ

ಮಂಗಳೂರಿಗೆ ಜಂಕ್ಷನ್, ಸೆಂಟ್ರಲ್ ಎಂದು ಎರಡು ರೈಲ್ವೆ ಸ್ಟೇಶನ್ ಉಂಟು ಎಂಬುದು ಊರಿನವರಿಗೆಲ್ಲ ಗೊತ್ತು. ಟಿಕೆಟ್ ಮಾಡುವ ಹೊತ್ತಿಗೆ ಮಾತ್ರ ಅದು ಮರೆತುಹೋಗುತ್ತದೆ. ಮುಂಬೈ ಕಡೆಯಿಂದ ಕೇರಳಕ್ಕೆ ಹೋಗುವ ನೇತ್ರಾವತಿ, ದೆಹಲಿಯಿಂದ ಬರುವ ಮಂಗಳಾ, ಮುಂಬೈಯ ಸಿಎಸ್‌ಎಂಟಿ ಸ್ಟೇಶನ್ನಿನಿಂದ ಬರುವ ಸೂಪರ್‌ಫಾಸ್ಟ್ ಇವೆಲ್ಲ ಜಂಕ್ಷನ್ನಿನ ರೈಲುಗಳು. ಚೆನ್ನೈ ಮೇಲ್, ವೆಸ್ಟ್ ಕೋಸ್ಟ್, ಮಾವೇಲಿ, ಮಲಬಾರ್, ಪರಶುರಾಮ್ ಹೊರಡುವುದು ಸೆಂಟ್ರಲ್‌ನಿಂದ. ಬೆಂಗಳೂರು–ಕಾರವಾರ ಪಂಚಗಂಗಾ ಈ ಎರಡಕ್ಕೂ ಬರುವುದಿಲ್ಲ. ಪಡೀಲಿನ ಬೈಪಾಸಿನಲ್ಲೇ ತಿರುಗಿ ಸುರತ್ಕಲ್ ಕಡೆಗೆ ಹೋಗಿಬಿಡುತ್ತದೆ. ಜಂಕ್ಷನ್ನಿಗೆ ಮೊದಲು ಕಂಕನಾಡಿ ಎಂದೇ ಹೆಸರಿತ್ತು. ಹಿರಿಯರು ಈಗಲೂ 'ಕಂಕನಾಡಿ ಸ್ಟೇಶನ್' ಎನ್ನುತ್ತಾರೆ. ಹೊರಗಿನಿಂದ ಬಂದವರು ಅದನ್ನು ಕೇಳಿ ರಿಕ್ಷಾದವರಿಗೆ ಬರೀ 'ಕಂಕನಾಡಿ' ಎಂದರೆ ಊರೊಳಗಿನ ಕಂಕನಾಡಿಗೆ ಹೋಗಿ ಇಳಿಯುತ್ತಾರೆ.

ಎರಡು ಸ್ಟೇಶನ್‌ಗಳ ನಡುವೆ ರಸ್ತೆಯಲ್ಲಿ ಐದಾರು ಕಿಲೋಮೀಟರ್. ಹತ್ತು ನಿಮಿಷದ ದಾರಿ ಎಂದು ಮನಸ್ಸು ಲೆಕ್ಕ ಹಾಕುತ್ತದೆ. ಬಿಡಿಸಿ ನೋಡಿದರೆ ಬೇರೆಯೇ ಸಿಗುತ್ತದೆ. 22 ಬೋಗಿಯ ರೈಲು ಅರ್ಧ ಕಿಲೋಮೀಟರ್ ಉದ್ದ ಇರುತ್ತದೆ. ತುದಿಯ ಬೋಗಿಯಿಂದ ಇಳಿದು, ಸೂಟ್‌ಕೇಸ್ ಎಳೆದುಕೊಂಡು, ಮೇಲ್ಸೇತುವೆ ಹತ್ತಿ ಇಳಿದು ಹೊರಗೆ ಬರಲು 10ರಿಂದ 12 ನಿಮಿಷ. ದೊಡ್ಡ ರೈಲು ಬಂದಾಗ ಎಲ್ಲರೂ ಒಟ್ಟಿಗೇ ರಿಕ್ಷಾಕ್ಕೆ ನುಗ್ಗುವುದರಿಂದ ಅಲ್ಲಿ ಇನ್ನು 10. ಪಂಪ್‌ವೆಲ್ ಸರ್ಕಲ್ ದಾಟಿ ಸೆಂಟ್ರಲ್ ಮುಟ್ಟಲು 25, ಸಂಜೆ ಶಾಲೆ–ಆಫೀಸು ಬಿಡುವ ಹೊತ್ತಾದರೆ ಇನ್ನೂ ಹೆಚ್ಚು. ಸೆಂಟ್ರಲ್‌ನಲ್ಲಿ ಪ್ಲಾಟ್‌ಫಾರ್ಮ್ ನೋಡಿ ಬೋಗಿ ಹುಡುಕಲು 10. ಮೊದಲ ರೈಲು ಒಂದು ನಿಮಿಷವೂ ಲೇಟಾಗದಿದ್ದರೂ ಇಲ್ಲಿಗೇ ಒಂದು ಗಂಟೆ ಮುಗಿಯಿತು. ಜಂಕ್ಷನ್ನಿನಿಂದ ಸೆಂಟ್ರಲ್‌ಗೆ ಹೋಗುವ ಯಾವುದಾದರೂ ರೈಲು ಹತ್ತಿದರಾಯಿತು ಎನ್ನುವವರೂ ಇದ್ದಾರೆ. ಸಿಕ್ಕಿದರೆ ಒಳ್ಳೆಯದು, ಆದರೆ ಅದನ್ನು ನಂಬಿ ಟಿಕೆಟ್ ಮಾಡಬಾರದು.

'ನಡುವೆ ಎಷ್ಟು ಹೊತ್ತು ಇಟ್ಟುಕೊಳ್ಳಲಿ?' ಎಂದು ಕೇಳುವವರಿಗೆ ಬೇಕಾಗಿರುವುದು ಒಂದು ಅಂಕಿ. ಎರಡು ಗಂಟೆ, ಮೂರು ಗಂಟೆ ಎಂದು ಹೇಳಿಬಿಟ್ಟರೆ ಸಮಾಧಾನ. ಆದರೆ ಆ ಅಂಕಿ ಎರಡು ವಿಷಯ ಗೊತ್ತಾಗದೆ ಹುಟ್ಟುವುದಿಲ್ಲ. ಮೊದಲ ರೈಲು ಯಾವ ಹಳಿಯ ಮೇಲೆ ಬರುತ್ತದೆ? ಎರಡನೆಯದು ತಪ್ಪಿದರೆ ಅದೇ ದಿನ ಮುಂದೆ ಹೋಗಲು ಏನುಂಟು? ಇವುಗಳ ಉತ್ತರ ಸಿಕ್ಕಿದರೆ, ಒಂದೇ ಸ್ಟೇಶನ್ನಿನಲ್ಲಿ ಬದಲಿಸುವುದಾದರೆ ಕೆಲವು ಸಲ 45 ನಿಮಿಷ ಸಾಕು ಎಂದು ಧೈರ್ಯವಾಗಿ ಹೇಳಬಹುದು, ಕೆಲವು ಸಲ ಹಿಂದಿನ ದಿನವೇ ಹೊರಡಿ ಎನ್ನಬೇಕಾಗುತ್ತದೆ.

ಹಳಿಯ ವಿಷಯ ಮೊದಲು. ರೋಹಾದಿಂದ ತೋಕೂರಿನವರೆಗೆ 740 ಕಿಲೋಮೀಟರಿನಷ್ಟು ಉದ್ದದ ಕೊಂಕಣ ರೈಲ್ವೆ ಬಹುಪಾಲು ಒಂಟಿ ಹಳಿ. 2021ರಲ್ಲಿ ಜೋಡಿಯಾದದ್ದು ರೋಹಾ–ವೀರ್ ನಡುವಿನ 47 ಕಿಲೋಮೀಟರ್, ಅದೂ ಮಹಾರಾಷ್ಟ್ರದ ತುದಿಯಲ್ಲಿ. ಒಂಟಿ ಹಳಿಯಲ್ಲಿ ಎದುರುಬದುರು ಬರುವ ರೈಲುಗಳು ಒಂದನ್ನೊಂದು ದಾಟುವುದು ಸ್ಟೇಶನ್‌ಗಳಲ್ಲಿ ಮಾತ್ರ. ನಮ್ಮ ರೈಲು ಕುಮಟಾದಲ್ಲಿ ಬರೀ 10 ನಿಮಿಷ ಲೇಟು ಎಂದಿಟ್ಟುಕೊಳ್ಳಿ. ಹೊನ್ನಾವರದಲ್ಲಿ ಎದುರು ಬರುವ ರೈಲು ಇದಕ್ಕಾಗಿ ಕಾಯಬೇಕಿತ್ತು. ಇದು ಲೇಟು ಎಂದು ಕಂಟ್ರೋಲ್‌ನವರು ಅದಕ್ಕೇ ಮುಂದಿನ ಸೆಕ್ಷನ್ ಬಿಟ್ಟುಕೊಟ್ಟರೆ ಈಗ ಕುಮಟಾದ ಲೂಪಿನಲ್ಲಿ (ಪಕ್ಕದ ಹಳಿಯಲ್ಲಿ) ಕಾಯುವ ಸರದಿ ಇದರದ್ದು. 10 ನಿಮಿಷ 35 ಆಯಿತು. ಆ 35 ನಿಮಿಷದಿಂದಾಗಿ ಮುಂದೆ ಮತ್ತೊಂದು ಕ್ರಾಸಿಂಗ್ ತಪ್ಪುತ್ತದೆ, ಹಿಂದಿನಿಂದ ಸರಿಯಾದ ಸಮಯಕ್ಕೆ ಬರುತ್ತಿರುವ ವೇಗದ ರೈಲಿಗೂ ದಾರಿ ಬಿಡಬೇಕಾಗುತ್ತದೆ. ತನ್ನ ಸಮಯ ಬಿಟ್ಟುಕೊಟ್ಟ ರೈಲಿಗೆ ಎಲ್ಲರಿಗೂ ದಾರಿ ಬಿಡುವುದೇ ಕೆಲಸ. ಆದ್ದರಿಂದ 'ಕಾರವಾರದಲ್ಲಿ ಕಾಲು ಗಂಟೆ ಲೇಟು ಅಷ್ಟೆ' ಎಂಬ ಸಮಾಧಾನ ಕೊಂಕಣದಲ್ಲಿ ನಡೆಯುವುದಿಲ್ಲ. ಅದೇ ಕೇರಳದ ಶೋರನೂರು ಕಡೆಯಿಂದ ಬರುವ ಹಳಿ ಜೋಡಿ. ಕಾಸರಗೋಡಿನಲ್ಲಿ 15 ನಿಮಿಷ ಲೇಟಾದ ರೈಲು ಮಂಗಳೂರಿಗೂ ಹೆಚ್ಚುಕಡಿಮೆ ಅಷ್ಟೇ ಲೇಟಾಗಿ ಬರುತ್ತದೆ. ಕೇರಳದಿಂದ ಬಂದು ಸೆಂಟ್ರಲ್‌ನಲ್ಲೇ ಮತ್ತೊಂದು ರೈಲು ಹತ್ತುವವರಿಗೆ ಒಂದೂವರೆ ಗಂಟೆ ಧಾರಾಳ. ಮುಂಬೈಯಿಂದ ಬರುವವರಿಗೆ ಬೇಸಿಗೆಯಲ್ಲೂ ಮೂರು ಗಂಟೆಗಿಂತ ಕಡಿಮೆ ಎಂದರೆ ನಾನು ಒಪ್ಪುವುದಿಲ್ಲ.

ಇನ್ನೊಂದು ಗುಟ್ಟು ವೇಳಾಪಟ್ಟಿಯ ಒಳಗೇ ಇದೆ. ಕೊನೆಯ ಸ್ಟೇಶನ್ನಿಗೆ ಮೊದಲಿನ ಸ್ವಲ್ಪ ದೂರಕ್ಕೆ ರೈಲ್ವೆಯವರು ಬೇಕಂತಲೇ ಹೆಚ್ಚು ಸಮಯ ಕೊಟ್ಟಿರುತ್ತಾರೆ. ಕಾಲು ಗಂಟೆಯ ದಾರಿಗೆ ಮುಕ್ಕಾಲು ಗಂಟೆ. ದಾರಿಯಲ್ಲಿ ಕಳೆದುಕೊಂಡದ್ದನ್ನು ಅಲ್ಲಿ ಸರಿದೂಗಿಸಿ 'ಸರಿಯಾದ ಸಮಯಕ್ಕೆ ತಲುಪಿತು' ಎಂದು ಬರೆದುಕೊಳ್ಳುವುದಕ್ಕೆ ಈ ಏರ್ಪಾಡು. ಕೊನೆಯ ಸ್ಟೇಶನ್ನಿನಲ್ಲಿ ಇಳಿಯುವವರಿಗೆ ಇದರಿಂದ ಲಾಭ. ನಡುದಾರಿಯಲ್ಲಿ ಇಳಿದು ಬೇರೆ ರೈಲು ಹಿಡಿಯುವವರಿಗೆ ಇದರಿಂದ ಏನೂ ಇಲ್ಲ. ಒಂದು ರೈಲು ಸೆಂಟ್ರಲ್‌ಗೆ ದಿನಾ ಸಮಯಕ್ಕೆ ಬರುತ್ತದೆ ಎಂದು ಕೇಳಿ, ಅದೇ ರೈಲಿನಿಂದ ಉಡುಪಿಯಲ್ಲಿ ಅರ್ಧ ಗಂಟೆಯ ಅಂತರದ ಮತ್ತೊಂದು ರೈಲು ಹಿಡಿಯಲು ಹೊರಟರೆ ಕೈಕೊಡುವುದು ಇದೇ ಕಾರಣಕ್ಕೆ. ಇಳಿಯುವ ಸ್ಟೇಶನ್ನಿಗೆ ಅದು ಎಷ್ಟು ಹೊತ್ತಿಗೆ ಬರುತ್ತದೆ ಎಂಬುದನ್ನೇ ನೋಡಬೇಕು.

ನೋಡುವುದು ಹೇಗೆ ಎಂದರೆ, ಹೊರಡುವ ಮೊದಲಿನ ಒಂದು ವಾರ ದಿನಕ್ಕೊಮ್ಮೆ, ರೈಲು ಎಲ್ಲಿದೆ ಎಂದು ತೋರಿಸುವ ಎನ್‌ಟಿಇಎಸ್ ಅಥವಾ ವೇರ್ ಈಸ್ ಮೈ ಟ್ರೇನ್ ಆ್ಯಪ್ ತೆರೆದು, ಆ ರೈಲು ನಿಮ್ಮ ಸ್ಟೇಶನ್ನಿಗೆ ನಿಜಕ್ಕೂ ಬಂದ ಸಮಯವನ್ನು ಒಂದು ಚೀಟಿಯಲ್ಲಿ ಬರೆದಿಡಿ. ಏಳು ಅಂಕಿ ಸಿಗುತ್ತವೆ. 10, 5, 20, 0, 15, 110, 25 ಎಂದಿದ್ದರೆ ಹೆಚ್ಚಿನವರು ಸರಾಸರಿ ತೆಗೆದು 'ಅರ್ಧ ಗಂಟೆ ಲೇಟಾಗುವ ರೈಲು' ಎನ್ನುತ್ತಾರೆ. ಸರಾಸರಿಯಿಂದ ಇಲ್ಲಿ ಪ್ರಯೋಜನವಿಲ್ಲ. ನೋಡಬೇಕಾದದ್ದು ಆ 110. ವಾರದಲ್ಲಿ ಒಂದು ದಿನ ಹಾಗಾಗುವುದಾದರೆ ಆ ದಿನ ನಿಮ್ಮದೂ ಆಗಬಹುದು. ಅದಕ್ಕೆ ಸ್ಟೇಶನ್ ಬದಲಿಸುವ ಸಮಯ ಸೇರಿಸಿದರೆ ಬರುವುದೇ ನಿಮಗೆ ಬೇಕಾದ ಅಂತರ. ವಾರಕ್ಕೊಮ್ಮೆ ಓಡುವ ರೈಲಾದರೆ ಅದೇ ದಾರಿಯಲ್ಲಿ ಅದೇ ಹೊತ್ತಿಗೆ ಓಡುವ ದಿನನಿತ್ಯದ ರೈಲನ್ನು ನೋಡಿ ಅಂದಾಜು ಮಾಡಬಹುದು.

ಈ ಲೆಕ್ಕವೆಲ್ಲ ಮಳೆಗಾಲ ಬಂದರೆ ಬುಡಮೇಲು. ಕೊಂಕಣ ರೈಲ್ವೆಗೆ ಮಳೆಗಾಲಕ್ಕೆಂದೇ ಬೇರೆ ವೇಳಾಪಟ್ಟಿ ಉಂಟು. ಬಹಳ ವರ್ಷ ಅದು ಜೂನ್ 10ರಿಂದ ಅಕ್ಟೋಬರ್ 31ರವರೆಗೆ ಇರುತ್ತಿತ್ತು, 2025ರಲ್ಲಿ ಜೂನ್ 15ರಿಂದ ಅಕ್ಟೋಬರ್ 20ರವರೆಗೆ ಇಳಿಸಿದರು. ಆ ದಿನಗಳಲ್ಲಿ ಮಳೆ ಜೋರಾಗಿ ಮುಂದಿನ ದಾರಿ ಸರಿಯಾಗಿ ಕಾಣದಿದ್ದರೆ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಓಡಿಸಬೇಕು ಎಂದು ಲೋಕೋ ಪೈಲಟ್‌ಗಳಿಗೆ ಸೂಚನೆ ಇರುತ್ತದೆ. ಹಾಗಾಗಿ ಉತ್ತರಕ್ಕೆ ಹೋಗುವ ರೈಲುಗಳು ಬೇಗ ಹೊರಡುತ್ತವೆ, ದಕ್ಷಿಣಕ್ಕೆ ಬರುವವು ತಡವಾಗಿ ಬರುತ್ತವೆ.

ಇದರ ಏಟು ಎಲ್ಲಿ ಬೀಳುತ್ತದೆ ಎಂಬುದಕ್ಕೆ ಮುಂಬೈಗೆ ಹೋಗುವ ಮತ್ಸ್ಯಗಂಧವನ್ನೇ ನೋಡಿ. ಬೇರೆ ದಿನಗಳಲ್ಲಿ ಅದು ಸೆಂಟ್ರಲ್ ಬಿಡುವುದು ಮಧ್ಯಾಹ್ನ 2.20ಕ್ಕೆ, ಮಳೆಗಾಲದಲ್ಲಿ 12.45ಕ್ಕೆ. ಬೆಂಗಳೂರಿನಿಂದ ರಾತ್ರಿ ರೈಲಿನಲ್ಲಿ ಬಂದು, ಬೆಳಗ್ಗೆ ಮಂಗಳೂರಿನಲ್ಲಿ ಇಳಿದು, ಊಟ ಮುಗಿಸಿ ಮುಂಬೈಗೆ ಹೋಗುವ ಕ್ರಮ ಇಟ್ಟುಕೊಂಡವರಿಗೆ ಒಂದೇಟಿಗೆ 1 ಗಂಟೆ 35 ನಿಮಿಷ ಕಡಿಮೆಯಾಯಿತು. ಬೆಂಗಳೂರು ರೈಲು ಘಟ್ಟದಲ್ಲಿ ನಿಂತು ತಡವಾಗುವುದೂ ಅದೇ ದಿನಗಳಲ್ಲಿ. ಅಂತರವನ್ನು ಎರಡೂ ಕಡೆಯಿಂದ ಕತ್ತರಿಸಿದಂತೆ. 2024ರ ನವೆಂಬರಿನಿಂದ ಮುಂಗಡ ಟಿಕೆಟ್ 60 ದಿನ ಮೊದಲು ಸಿಗುತ್ತದೆ. ಅಂದರೆ ಜೂನ್ ಮಧ್ಯದ ಟಿಕೆಟನ್ನು ಏಪ್ರಿಲ್ ಬಿಸಿಲಿನಲ್ಲಿ ಮಾಡುತ್ತೇವೆ, ಮಳೆಯ ನೆನಪೇ ಇರುವುದಿಲ್ಲ. ಹೊರಡುವ ದಿನ ಜೂನ್ 15ರ ಆಚೆಗಿದ್ದರೆ ಹಿಂದಿನ ಪ್ರಯಾಣದ ನೆನಪಿನಿಂದ ಸಮಯ ಹಾಕಬೇಡಿ. ಪ್ರಯಾಣಕ್ಕೆ ಎರಡು ವಾರ ಮೊದಲೊಮ್ಮೆ, ಹಿಂದಿನ ದಿನ ಇನ್ನೊಮ್ಮೆ ನೋಡಿ. ಮಳೆಗಾಲದಲ್ಲಿ ಕೊಂಕಣದಿಂದ ಬಂದು ಮುಂದಕ್ಕೆ ಹೋಗುವುದಿದ್ದರೆ ಆರು ಗಂಟೆ ಅಂತರ ಹೆಚ್ಚೇನಲ್ಲ.

ಗುಡ್ಡ ಕುಸಿದರೆ ಯಾವ ಅಂತರವೂ ಸಾಲುವುದಿಲ್ಲ, ಅದು ಬೇರೆ ಮಾತು. 2019ರ ಆಗಸ್ಟಿನಲ್ಲಿ ಪಡೀಲು–ಜೋಕಟ್ಟೆ ನಡುವೆ ಕುಲಶೇಖರದಲ್ಲಿ ಗುಡ್ಡ ಜಾರಿ ಮಂಗಳೂರಿಗೂ ಕೊಂಕಣಕ್ಕೂ ಸಂಪರ್ಕವೇ ಕಡಿಯಿತು. 2024ರ ಜುಲೈ ಎರಡನೇ ವಾರ ಗೋವಾದ ಪೆಡ್ನೆ ಸುರಂಗದಲ್ಲಿ ನೀರು ಉಕ್ಕಿ ರೈಲುಗಳು ಬೇರೆ ದಾರಿ ಹಿಡಿದವು. ಅದೇ ತಿಂಗಳ ಕೊನೆಗೆ ಯಡಕುಮೇರಿ–ಕಡಗರವಳ್ಳಿ ನಡುವೆ ಮಣ್ಣು ಕುಸಿದು ಬೆಂಗಳೂರು ದಾರಿ ವಾರ ಮೀರಿ ಬಂದ್ ಆಯಿತು.

ಈ ಘಟ್ಟದ ಹಳಿಯ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ 55 ಕಿಲೋಮೀಟರ್. 50 ಅಡಿ ಸಾಗಿದರೆ ಒಂದು ಅಡಿ ಏರು. 57 ಸುರಂಗ. ವೇಗ ಗಂಟೆಗೆ 30 ಕಿಲೋಮೀಟರ್. ಹತ್ತುವ ರೈಲಿಗೆ ಸುಬ್ರಹ್ಮಣ್ಯ ರೋಡಿನಲ್ಲಿ ಹಿಂದಿನಿಂದ ತಳ್ಳಲು ಬ್ಯಾಂಕರ್ ಎಂಜಿನ್ ಜೋಡಿಸುತ್ತಾರೆ. ಇಳಿಯುವ ರೈಲಿಗೆ ಸಕಲೇಶಪುರದಲ್ಲಿ ಬ್ರೇಕ್ ಪರೀಕ್ಷೆ. ಏನೂ ತೊಂದರೆ ಇಲ್ಲದ ದಿನವೂ ಇಷ್ಟಕ್ಕೇ ಎರಡು ಗಂಟೆ ಮೀರುತ್ತದೆ. ದೋಣಿಗಲ್, ಕಡಗರವಳ್ಳಿ, ಯಡಕುಮೇರಿ, ಶಿರಿಬಾಗಿಲು ಎಂಬ ಸ್ಟೇಶನ್‌ಗಳಲ್ಲಿ ಮಾತ್ರ ಕ್ರಾಸಿಂಗ್. ಮೇಲೆ ಹತ್ತುತ್ತಿರುವ ಗೂಡ್ಸ್ ಒಂದು ಎದುರಾದರೆ ಅದು ಬಂದು ಮುಟ್ಟುವವರೆಗೆ ಮುಕ್ಕಾಲು ಗಂಟೆ ಕಾಡಿನ ನಡುವೆ ಜೀರುಂಡೆ ಸದ್ದು ಕೇಳುತ್ತ ಕೂರಬೇಕು. ವೇಗ ಹೆಚ್ಚಿಸಿ ಕಳೆದ ಸಮಯ ಹಿಡಿಯುವ ಪ್ರಶ್ನೆಯೇ ಇಲ್ಲ, 30 ಎಂದರೆ 30. ಇದೇ ಕಾರಣಕ್ಕೆ ಹಾಸನದಲ್ಲಿ ಸಮಯಕ್ಕೆ ಸರಿಯಾಗಿದ್ದ ರೈಲು ಮಂಗಳೂರಿಗೆ ಯಾವಾಗ ಬರುತ್ತದೆ ಎಂದು ಸುಬ್ರಹ್ಮಣ್ಯ ರೋಡ್ ದಾಟುವವರೆಗೆ ಹೇಳಲಾಗುವುದಿಲ್ಲ. ಅದು ದಾಟಿದ ಮೇಲೆ ಅಂದಾಜು ಸರಿಯಾಗಿಯೇ ಬರುತ್ತದೆ.

ಇನ್ನು ಎರಡನೇ ಪ್ರಶ್ನೆ, ತಪ್ಪಿದರೆ ಏನು? ಕಾಸರಗೋಡು, ಕಣ್ಣೂರು, ಕಲ್ಲಿಕೋಟೆ ಕಡೆಗೆ ಹೋಗುವವರು ಅಂತರದ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಒಂದು ಹೋದರೆ ಇನ್ನೊಂದು ಉಂಟು, ಕಾಸರಗೋಡಿಗೆ ಬಸ್ಸೂ ಧಾರಾಳ. ಬೆಂಗಳೂರಿಗೂ ರಾತ್ರಿ ಬಸ್ಸು ಸಿಗುತ್ತದೆ, ಹಾಗಾಗಿ ಬೇಸಿಗೆಯಲ್ಲಿ ಕಡಿಮೆ ಅಂತರ ಇಟ್ಟುಕೊಂಡರೂ ನಡೆಯುತ್ತದೆ. ಮಳೆಗಾಲದಲ್ಲಿ ಮಾತ್ರ ಎಚ್ಚರ ಬೇಕು. ರೈಲು ನಿಲ್ಲಿಸುವ ಮಳೆಯೇ ಶಿರಾಡಿ ಘಾಟಿಯ ರಸ್ತೆಯನ್ನೂ ನಿಲ್ಲಿಸುತ್ತದೆ, ಆಗ ಬಸ್ಸುಗಳು ಚಾರ್ಮಾಡಿ ಇಲ್ಲವೇ ಮಡಿಕೇರಿ ಸುತ್ತಿ ಹೋಗಬೇಕು. ಚೆನ್ನೈಗೆ ಹೋಗುವವರಿಗೆ ಅಷ್ಟು ಸುಲಭದ ಬದಲಿ ಇಲ್ಲ, ಕೈಯಲ್ಲಿರುವ ರೈಲನ್ನು ಬಿಡಬಾರದು. ಎರಡನೆಯದು ವಾರಕ್ಕೊಮ್ಮೆಯ ರೈಲಾದರೆ ಗಂಟೆಗಳ ಮಾತೇ ಬೇಡ. ಹಿಂದಿನ ದಿನ ಬಂದು ಮಂಗಳೂರಿನಲ್ಲೋ ಉಡುಪಿಯಲ್ಲೋ ಮಲಗಿ. ಒಂದು ರಾತ್ರಿಯ ರೂಮಿನ ಬಾಡಿಗೆ ಉಳಿಸಲು ಹೋಗಿ ಒಂದು ವಾರ ಕಾಯುವ ವ್ಯವಹಾರ ಯಾರಿಗೂ ಕಟ್ಟುವುದಿಲ್ಲ.

ಎಲ್ಲಿ ಬದಲಿಸುವುದು ಎಂಬುದೂ ನಮ್ಮ ಕೈಯಲ್ಲೇ ಇದೆ. ಗೋವಾ ಕಡೆಯಿಂದ ಬಂದು ಪಂಚಗಂಗಾದಲ್ಲಿ ಬೆಂಗಳೂರಿಗೆ ಹೋಗುವವರು ಮಂಗಳೂರಿನ ತನಕ ಬರುವ ಅಗತ್ಯವೇ ಇಲ್ಲ, ಬಂದರೆ ಅಲ್ಲಿ ಆ ರೈಲೂ ಇಲ್ಲ. ಕಾರವಾರದಿಂದ ಸುರತ್ಕಲ್‌ವರೆಗೆ ಎರಡೂ ರೈಲು ಒಂದೇ ಹಳಿಯ ಮೇಲೆ ಹಿಂದೆಮುಂದೆ ಬರುತ್ತವೆ. ಎರಡೂ ನಿಲ್ಲುವ ಯಾವ ಸ್ಟೇಶನ್ನಿನಲ್ಲಾದರೂ ಬದಲಿಸಬಹುದು. ಸಣ್ಣ ಸ್ಟೇಶನ್ನಿನಲ್ಲಿ ಇಳಿದು ಮೂರು ಗಂಟೆ ಸೊಳ್ಳೆ ಹೊಡೆಯುವುದಕ್ಕಿಂತ ಉಡುಪಿ ವಾಸಿ. ಪೇಟೆ ಮೂರ್ನಾಲ್ಕು ಕಿಲೋಮೀಟರ್ ದೂರ ಇದ್ದರೂ ಇಂದ್ರಾಳಿಯ ಮುಖ್ಯರಸ್ತೆಗೆ ಬಂದರೆ ಉಡುಪಿ–ಮಣಿಪಾಲ ಬಸ್ಸುಗಳು ಬಿಡದೆ ಓಡುತ್ತಿರುತ್ತವೆ, ಊಟ ಮುಗಿಸಿ ವಾಪಸ್ ಬರಬಹುದು. ಟಿಕೆಟನ್ನು ಉಡುಪಿಯಿಂದಲೇ ಮಾಡಿ, ಇಲ್ಲವೇ ಬೋರ್ಡಿಂಗ್ ಸ್ಟೇಶನ್ ಮೊದಲೇ ಬದಲಿಸಿ. ಸುಮ್ಮನೆ ಬೇರೆ ಕಡೆ ಹತ್ತಿದರೆ ಅಷ್ಟರಲ್ಲಿ ನಿಮ್ಮ ಬರ್ತ್ ವೈಟಿಂಗ್ ಲಿಸ್ಟಿನ ಇನ್ನೊಬ್ಬರಿಗೆ ಹೋಗಿರಬಹುದು.

ಉಡುಪಿಯಲ್ಲಿ ಹೆಚ್ಚಿನ ರೈಲುಗಳು ನಿಲ್ಲುವುದು ಎರಡೇ ನಿಮಿಷ. ಕ್ರಾಸಿಂಗ್ ಇದ್ದರೆ ದಿನವೂ ಬರುವ ಪ್ಲಾಟ್‌ಫಾರ್ಮ್ ಬಿಟ್ಟು ಆಚೆಯದಕ್ಕೆ ಬರುವುದೂ ಉಂಟು. ಹಾಗಾಗಿ ಅಂತರದ ಕೊನೆಯ 20 ನಿಮಿಷವನ್ನು ಬೋಗಿ ನಿಲ್ಲುವ ಜಾಗದಲ್ಲೇ, ಕಿವಿ ಅನೌನ್ಸ್‌ಮೆಂಟಿನ ಮೇಲಿಟ್ಟು ಕಳೆಯಬೇಕು.

ಎರಡನೇ ರೈಲು ನೀವು ಹತ್ತುವ ಸ್ಟೇಶನ್ನಿನಿಂದಲೇ ಹೊರಡುವುದಾದರೆ ಸಮಯಕ್ಕೆ ಬಿಡುತ್ತದೆ ಎಂದುಕೊಳ್ಳುತ್ತೇವೆ. ಆದರೆ ಬಂದ ರೈಲಿನ ಬೋಗಿಗಳನ್ನೇ ತೊಳೆದು, ನೀರು ತುಂಬಿ ಮತ್ತೆ ಕಳಿಸುವುದು ವಾಡಿಕೆ. ಬರುವುದು ಐದು ಗಂಟೆ ಲೇಟಾದರೆ ಹೊರಡುವುದೂ ಮುಂದಕ್ಕೆ ಹೋಗುತ್ತದೆ. ಅದರ ಜೋಡಿ ರೈಲು ಈಗ ಎಲ್ಲಿದೆ ಎಂದು ನೋಡಿಕೊಂಡರೆ ನಿಮ್ಮ ಆತಂಕ ಬೇಕೋ ಬೇಡವೋ ಎಂಬುದು ಮೊದಲೇ ತಿಳಿಯುತ್ತದೆ. ನೀವು ಹತ್ತುವ ಸ್ಟೇಶನ್ನಿನಲ್ಲಿ ರೈಲು ಮೂರು ಗಂಟೆಗಿಂತ ಹೆಚ್ಚು ಲೇಟಾಗಿ, ನೀವು ಹೋಗದಿರಲು ತೀರ್ಮಾನಿಸಿದರೆ ಪೂರ್ತಿ ಹಣ ವಾಪಸ್ ಸಿಗುತ್ತದೆ. ಇ-ಟಿಕೆಟ್ ಆದರೆ ಅದು ನಿಜಕ್ಕೂ ಹೊರಡುವ ಮೊದಲೇ ಟಿಡಿಆರ್ (ಹಣ ವಾಪಸ್ ಕೇಳುವ ಅರ್ಜಿ) ಹಾಕಿರಬೇಕು.

ಹಣದ ಮಾತು ಬಂದದ್ದಕ್ಕೆ ಇದೂ ಗೊತ್ತಿರಲಿ. 2019ರ ಏಪ್ರಿಲಿನಿಂದ ಎರಡು ಪಿಎನ್‌ಆರ್‌ಗಳನ್ನು ಜೋಡಿಸುವ ಸೌಲಭ್ಯ ಉಂಟು. ಐಆರ್‌ಸಿಟಿಸಿಯಲ್ಲಿ ಮೊದಲ ಟಿಕೆಟನ್ನು ತೆರೆದು ಅದರಿಂದಲೇ ಮುಂದಿನ ಪ್ರಯಾಣದ ಟಿಕೆಟ್ ಮಾಡಬೇಕು, ಕೌಂಟರಿನಲ್ಲಾದರೆ ಮೊದಲ ಪಿಎನ್‌ಆರ್ ಕೊಟ್ಟು ಜೋಡಿಸಿ ಎಂದು ಕೇಳಬೇಕು. ಎರಡರಲ್ಲೂ ಪ್ರಯಾಣಿಕರ ಹೆಸರು, ವಯಸ್ಸು ಒಂದೇ ರೀತಿ ಇರಬೇಕು. ಒಂದರಲ್ಲಿ ಇನಿಷಿಯಲ್ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಅಲ್ಲೇ ತಕರಾರು. ಇಳಿಯುವುದೂ ಹತ್ತುವುದೂ ಒಂದೇ ಸ್ಟೇಶನ್ನಿನಲ್ಲಿ ಆಗುವಂತೆ ಟಿಕೆಟ್ ಮಾಡಿದರೆ ಗೊಂದಲವಿಲ್ಲ. ಜಂಕ್ಷನ್ನಿಗೂ ಸೆಂಟ್ರಲ್‌ಗೂ ಕೋಡ್ ಬೇರೆ ಬೇರೆ ಎಂಬುದನ್ನು ಮರೆಯಬೇಡಿ. ಮೊದಲ ರೈಲು ಲೇಟಾಗಿ ಎರಡನೆಯದು ತಪ್ಪಿದರೆ, ಮೊದಲನೆಯದು ನಿಜಕ್ಕೂ ಬಂದು ಮುಟ್ಟಿದ ಮೂರು ಗಂಟೆಯೊಳಗೆ ಅರ್ಜಿ ಹಾಕಬೇಕು. ರದ್ದತಿ ಶುಲ್ಕ ಹಿಡಿಯದೆ ಎರಡನೇ ಟಿಕೆಟಿನ ಹಣ ಕೊಡುತ್ತಾರೆ. ಬೇರೆ ರೈಲಿನಲ್ಲಿ ಬರ್ತ್ ಮಾತ್ರ ಕೊಡುವುದಿಲ್ಲ, ಅದನ್ನು ನೀವೇ ಹುಡುಕಿಕೊಳ್ಳಬೇಕು. ಜೋಡಿಸದೆ ಬೇರೆಬೇರೆ ಮಾಡಿದ ಟಿಕೆಟ್ ಆದರೆ ಎರಡನೇ ರೈಲಿನ ದೃಷ್ಟಿಯಲ್ಲಿ ನೀವು ಬಾರದೆ ಉಳಿದವರು, ಅಷ್ಟೆ.

ದೂರದ ಊರುಗಳಲ್ಲೂ ಎರಡೆರಡು ಸ್ಟೇಶನ್‌ಗಳ ತಾಪತ್ರಯ ಇದ್ದದ್ದೇ. ಚೆನ್ನೈ ಸೆಂಟ್ರಲ್‌ನಿಂದ ಎಗ್ಮೋರಿಗೆ ಎರಡು ಕಿಲೋಮೀಟರ್, ಒಂದು ಗಂಟೆ ಇದ್ದರೆ ಸಾಕು. ಬೆಂಗಳೂರಿನಲ್ಲಿ ಮೆಜೆಸ್ಟಿಕ್, ಯಶವಂತಪುರ, ಬೈಯಪ್ಪನಹಳ್ಳಿಯ ಎಸ್‌ಎಂವಿಟಿ ಮೂರೂ ಮೂರು ದಿಕ್ಕು, ಹೆಸರು ಎರಡು ಸಲ ಓದಿ. ಮುಂಬೈಯಲ್ಲಿ ಮತ್ಸ್ಯಗಂಧ ಎಲ್‌ಟಿಟಿಗೆ (ಲೋಕಮಾನ್ಯ ತಿಲಕ್ ಟರ್ಮಿನಸ್) ಹೋಗುವುದು ಬೆಳಗ್ಗೆ. ಅಲ್ಲಿಂದ ಮುಂಬೈ ಸೆಂಟ್ರಲ್ ಇಲ್ಲವೇ ಬಾಂದ್ರಾ ಟರ್ಮಿನಸ್‌ಗೆ ಆಫೀಸು ಹೊತ್ತಿನಲ್ಲಿ ಲೋಕಲ್ ಹತ್ತಿ ಎರಡು ಸೂಟ್‌ಕೇಸ್ ಸಮೇತ ಹೋಗುತ್ತೇನೆ ಎನ್ನುವವರು ಆ ಲೋಕಲನ್ನು ನೋಡಿಲ್ಲ ಎಂದೇ ಅರ್ಥ. ಟ್ಯಾಕ್ಸಿಯ ಲೆಕ್ಕದಲ್ಲಿ ನಾಲ್ಕು ಗಂಟೆ ಬಿಡಿ. ಪುಣೆಗೆ ಹೋಗುವವರು ಪನ್ವೇಲಿನಲ್ಲಿ, ನಾಸಿಕ್ ಕಡೆಯವರು ಠಾಣೆಯಲ್ಲಿ ಇಳಿದುಬಿಟ್ಟರೆ ಎಲ್‌ಟಿಟಿಯ ಗೊಡವೆಯೇ ಬೇಡ.

ಎಲ್ಲ ಲೆಕ್ಕ ಹಾಕಿದ ಮೇಲೂ ರೈಲು ಲೇಟಾಗಿ ಬರುತ್ತಿದೆ, ಸೆಂಟ್ರಲ್‌ನಿಂದ ಹೊರಡುವ ರೈಲಿಗೆ ಸಮಯ ಸಾಲುವುದಿಲ್ಲ ಎಂದಾದರೆ ತೀರ್ಮಾನ ಮಾಡಬೇಕಾದ ಜಾಗ ಸುರತ್ಕಲ್, ನಿಮ್ಮ ರೈಲು ಅಲ್ಲಿ ನಿಲ್ಲುವುದಾದರೆ. ಉಡುಪಿಯಲ್ಲೇ ಇಳಿದು ಬಸ್ಸು ಹಿಡಿಯುವುದರಿಂದ ಲಾಭ ಕಡಿಮೆ. ಎಕ್ಸ್‌ಪ್ರೆಸ್ ಬಸ್ಸಿಗೂ ಒಂದೂವರೆ ಗಂಟೆ ಬೇಕು, ಕೂಳೂರು ಸೇತುವೆ ಮತ್ತು ನಂತೂರಿನಲ್ಲಿ ಸಿಕ್ಕಿಕೊಂಡರೆ ಅದೂ ಇಲ್ಲ. ಸುರತ್ಕಲ್ ದಾಟಿದ ಮೇಲೆ ತೋಕೂರು, ಜೋಕಟ್ಟೆಗಳಲ್ಲಿ ಹಳಿ ಖಾಲಿಯಾಗಲೆಂದು ರೈಲನ್ನು ನಿಲ್ಲಿಸಿದರೆ ಇಳಿಯಲು ದಾರಿಯಿಲ್ಲ, ಹೊರಗೆ ಬರೀ ಗದ್ದೆ ಮತ್ತು ಗೂಡ್ಸ್ ವ್ಯಾಗನ್. ಸುರತ್ಕಲಿನಲ್ಲಿ ಇಳಿದರೆ ಸೆಂಟ್ರಲ್‌ಗೆ ಹದಿನೇಳು–ಹದಿನೆಂಟು ಕಿಲೋಮೀಟರ್. ಹಗಲಾದರೆ ರಿಕ್ಷಾದಲ್ಲಿ ಹೆದ್ದಾರಿಗೆ ಬಂದು ಬಸ್ಸು ಹಿಡಿಯಬಹುದು. ನಸುಕಿನಲ್ಲಿ ಅಲ್ಲಿ ಇಳಿಯುವುದಾದರೆ ಕುಂದಾಪುರದ ಹತ್ತಿರ ಬರುವಾಗಲೇ ಫೋನ್ ಮಾಡಿ ಕಾರು ಗೊತ್ತುಮಾಡಿಕೊಳ್ಳಿ, ಆ ಹೊತ್ತಿಗೆ ಸ್ಟೇಶನ್ ಹೊರಗೆ ರಿಕ್ಷಾ ಸಿಗುವುದು ಅಪರೂಪ.